ಕಾರಿನ ಬ್ಯಾಟರಿ ದೀಪ ಆರುತ್ತಿಲ್ಲವೇ? ಹೊಸ ಬ್ಯಾಟರಿ ಕೊಳ್ಳುವ ಮೊದಲು ಇಷ್ಟು ಪರೀಕ್ಷೆ ಮಾಡಿ

‘ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ಯಾಟರಿ ಗುರುತು ಬಂದಿದೆ, ಬ್ಯಾಟರಿ ಬದಲಿಸಬೇಕಾ?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: ‘ಹೊಸ ಬ್ಯಾಟರಿ ಹಾಕಿಸಿ ವಾರ ಕೂಡ ಆಗಿಲ್ಲ, ಬೆಳಗ್ಗೆ ಗಾಡಿ ಸ್ಟಾರ್ಟ್ ಆಗ್ತಿಲ್ಲ, ಏನು ಮಾಡಲಿ?’

ಎಂಜಿನ್ ಓಡುತ್ತಿರುವಾಗ ಆ ದೀಪ ಉರಿದರೆ ಚಾರ್ಜಿಂಗ್ ಸರಿಯಾಗಿ ನಡೆಯುತ್ತಿಲ್ಲ ಎಂದು ಅರ್ಥ. ಬ್ಯಾಟರಿ ಚೆನ್ನಾಗಿಯೇ ಇರಬಹುದು. ಬೆಂಗಳೂರಿನಲ್ಲಿ ಒಂದು ಫೋನ್ ಮಾಡಿದರೆ ಮನೆ ಬಾಗಿಲಿಗೇ ಬಂದು ಬ್ಯಾಟರಿ ಹಾಕಿ ಹೋಗುತ್ತಾರೆ. ಒಳ್ಳೆಯ ಅನುಕೂಲ. ಆದರೆ ಅದರಿಂದಾಗಿಯೇ ಎಷ್ಟೋ ಜನ ಕಾರಣ ಹುಡುಕುವ ಮೊದಲೇ ಸಾವಿರಾರು ರೂಪಾಯಿ ಕೊಟ್ಟುಬಿಡುತ್ತಾರೆ. ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ. ಇದು ತಪ್ಪಲಿ ಎಂಬುದೇ ಈ ಲೇಖನದ ಆಸೆ.

ದೀಪ ಏಕೆ ಉರಿಯುತ್ತದೆ?

ಎಂಜಿನ್ ಪಕ್ಕದಲ್ಲಿ ಒಂದು ರಬ್ಬರ್ ಬೆಲ್ಟ್ ಸುತ್ತುತ್ತಿರುತ್ತದೆ. ಅದು ಆಲ್ಟರ್ನೇಟರನ್ನು ತಿರುಗಿಸುತ್ತದೆ. ಆಲ್ಟರ್ನೇಟರ್ ಅಂದರೆ ಕಾರಿನೊಳಗೇ ಕರೆಂಟ್ ತಯಾರಿಸುವ ಯಂತ್ರ. ಹಳೆಯ ಮೆಕ್ಯಾನಿಕ್‌ಗಳು ಇದನ್ನು ಈಗಲೂ ಡೈನಮೋ ಅನ್ನುತ್ತಾರೆ. ವೋಲ್ಟೇಜ್ ಹೆಚ್ಚು ಕಡಿಮೆ ಆಗದಂತೆ ಹಿಡಿದಿಡುವ ಭಾಗಕ್ಕೆ ರೆಗ್ಯುಲೇಟರ್ ಎಂದು ಹೆಸರು.

ಮನೆಯ ಮೇಲಿನ ನೀರಿನ ಟ್ಯಾಂಕನ್ನು ಬ್ಯಾಟರಿ ಅಂದುಕೊಳ್ಳಿ, ಸಂಪಿನಿಂದ ನೀರು ಏರಿಸುವ ಮೋಟರನ್ನು ಆಲ್ಟರ್ನೇಟರ್ ಅಂದುಕೊಳ್ಳಿ. ಮೋಟರ್ ಕೆಟ್ಟಿದ್ದರೆ ಹೊಸ ಟ್ಯಾಂಕ್ ತಂದಿಟ್ಟರೂ ಸಂಜೆಗೆ ಖಾಲಿ ಆಗುತ್ತದೆ, ಅಲ್ವಾ?

ದೀಪ ಉರಿಯದೆಯೇ ಬೆಳಗ್ಗೆ ಬ್ಯಾಟರಿ ಸತ್ತಿರುವುದು ಬೇರೆ ಕತೆ. ಅಲ್ಲಿ ಬ್ಯಾಟರಿಗೆ ವಯಸ್ಸಾಗಿರಬಹುದು, ಅಥವಾ ರಾತ್ರಿಯೆಲ್ಲ ಯಾವುದೋ ಉಪಕರಣ ಕರೆಂಟ್ ಹೀರುತ್ತಿರಬಹುದು. ಅದಕ್ಕೆ 6ನೇ ಹಂತ ನೋಡಿ.

ರಸ್ತೆಯಲ್ಲೇ ದೀಪ ಬಂದರೆ

ಮೊದಲು ಎರಡು ವಿಷಯ ಗಮನಿಸಿ. ಟೆಂಪರೇಚರ್ ಮುಳ್ಳು ಏರುತ್ತಿದೆಯೇ? ಸ್ಟೀರಿಂಗ್ ಇದ್ದಕ್ಕಿದ್ದಂತೆ ಭಾರ ಆಯಿತೇ? ಎರಡರಲ್ಲಿ ಒಂದು ಇದ್ದರೂ ಎಡಕ್ಕೆ ತೆಗೆದು ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಬೆಲ್ಟ್ ಹರಿದಿರುವ ಸಾಧ್ಯತೆ ಜಾಸ್ತಿ. ಹಲವು ಎಂಜಿನ್‌ಗಳಲ್ಲಿ ಇದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಪಂಪ್ ನಿಂತರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗ ಕೂರುವಲ್ಲಿರುವ ಸೀಲು, ಹೋಗಬಹುದು. ಬೆಲ್ಟಿನ ಖರ್ಚು ಆಗ ಎಂಜಿನ್ ರಿಪೇರಿಯ ಖರ್ಚಾಗುತ್ತದೆ. ಇಂಥ ಹೊತ್ತಿನಲ್ಲಿ ‘ಇಲ್ಲೇ ಹತ್ತಿರ ಮನೆ’ ಅಂತ ಓಡಿಸಬೇಡಿ.

ಎರಡೂ ಇಲ್ಲ, ಬರೀ ದೀಪ ಉರಿಯುತ್ತಿದೆ ಅಂದರೆ ಕಾರು ಸದ್ಯಕ್ಕೆ ಬ್ಯಾಟರಿಯಲ್ಲಿ ಉಳಿದ ಚಾರ್ಜಿನ ಮೇಲೆ ಓಡುತ್ತಿದೆ. ಬ್ಯಾಟರಿ ಗಟ್ಟಿಯಾಗಿದ್ದರೆ ಹಗಲಿನಲ್ಲಿ ಸುಮಾರು ಅರ್ಧ ಗಂಟೆ ಸಿಗಬಹುದು. ಹೆಡ್‌ಲೈಟ್, ವೈಪರ್ ಎಲ್ಲ ಓಡುವ ಮಳೆಯ ರಾತ್ರಿ ಅಷ್ಟೂ ಸಿಗದು. ಆ ಸಮಯವನ್ನು ಹೀಗೆ ಬಳಸಿ:

• ಎಸಿ, ಬ್ಲೋವರ್, ಮ್ಯೂಸಿಕ್, ಹಿಂದಿನ ಗಾಜಿನ ಡೀಫಾಗರ್, ಫೋನ್ ಚಾರ್ಜರ್ ಎಲ್ಲ ಆಫ್ ಮಾಡಿ. ಕತ್ತಲಾಗಿದ್ದರೆ ಹೆಡ್‌ಲೈಟ್ ಮಾತ್ರ ಆಫ್ ಮಾಡಬೇಡಿ.

• ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿಯೇ ನಿಲ್ಲುವ ವ್ಯವಸ್ಥೆ ನಿಮ್ಮ ಕಾರಿನಲ್ಲಿ ಇದ್ದರೆ ಅದರ ಬಟನ್ ಒತ್ತಿ ಆಫ್ ಮಾಡಿ. ನೀವೂ ಎಂಜಿನ್ ಆಫ್ ಮಾಡಬೇಡಿ. ಒಮ್ಮೆ ನಿಂತರೆ ಮತ್ತೆ ಸ್ಟಾರ್ಟ್ ಆಗುತ್ತದೆ ಎಂಬ ಭರವಸೆ ಇಲ್ಲ.

• ಫ್ಲೈಓವರ್ ಹತ್ತಬೇಡಿ. ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಎಲಿವೇಟೆಡ್ ರಸ್ತೆಯಾಗಲಿ, ಹೆಬ್ಬಾಳದ ಮೇಲ್ಸೇತುವೆಯಾಗಲಿ, ಮೇಲೆ ಕಾರು ನಿಂತರೆ ಪಕ್ಕಕ್ಕೆ ತಳ್ಳಲು ಜಾಗ ಇರುವುದು ತೀರಾ ಕಡಿಮೆ. ಹಿಂದಿನಿಂದ ವೇಗವಾಗಿ ಬರುವವರಿಗೆ ನಿಮ್ಮ ಕಾರು ನಿಂತಿರುವುದು ಕೂಡಲೇ ಗೊತ್ತಾಗುವುದಿಲ್ಲ. ಕೆಳಗಿನ ಸರ್ವಿಸ್ ರಸ್ತೆ ಹಿಡಿಯಿರಿ, ಸಿಕ್ಕ ಮೊದಲ ಗ್ಯಾರೇಜಿಗೋ ಪೆಟ್ರೋಲ್ ಬಂಕಿಗೋ ಹೋಗಿ.

ಈಗಿನ ಬಹುತೇಕ ಸಣ್ಣ ಕಾರುಗಳಲ್ಲಿ ಸ್ಟೀರಿಂಗಿಗೆ ಎಲೆಕ್ಟ್ರಿಕ್ ಮೋಟರ್ ಇರುತ್ತದೆ. ವೋಲ್ಟೇಜ್ ತುಂಬಾ ಇಳಿದಾಗ ಅದರ ಸಹಾಯ ನಿಲ್ಲುತ್ತದೆ, ಸ್ಟೀರಿಂಗ್ ಗಟ್ಟಿಯಾಗುತ್ತದೆ. ಹಾಗಾಗಿ ತಿರುವಿನಲ್ಲಿ ವೇಗ ಬೇಡ. ನಗರದ ಹೊರಗೆ, ನೆಲಮಂಗಲದ ಆಚೆಯೋ ಹೊಸೂರು ದಾರಿಯಲ್ಲೋ ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತುಬಿಟ್ಟರೆ ಹೆದ್ದಾರಿ ಸಹಾಯವಾಣಿ 1033 ಇದೆ. ನಗರದೊಳಗೆ ಅಪಾಯದ ಜಾಗದಲ್ಲಿ ಸಿಕ್ಕಿಕೊಂಡರೆ 112ಕ್ಕೆ ಕರೆ ಮಾಡಿ. ಹಜಾರ್ಡ್ ದೀಪ ಹಾಕಿ, ತ್ರಿಕೋನದ ಫಲಕ ಹಿಂದೆ ಇಡಿ, ಕಾರಿನೊಳಗೆ ಕೂರದೆ ರಸ್ತೆಯ ಅಂಚಿಗೆ ಹೋಗಿ ನಿಲ್ಲಿ.

ಏನೇನು ಬೇಕು?

ಡಿಜಿಟಲ್ ಮಲ್ಟಿಮೀಟರ್ ಒಂದು. ವೋಲ್ಟ್, ಆಂಪ್ ಅಳೆಯುವ ಸಣ್ಣ ಮೀಟರ್ ಇದು. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. 10 ಆಂಪ್ ಅಳೆಯುವ ತೂತು ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಜೊತೆಗೆ 10 ನಂಬರಿನ ಸ್ಪ್ಯಾನರ್, ಟಾರ್ಚ್, ಹಳೆಯ ಟೂತ್ ಬ್ರಷ್, ಅಡುಗೆ ಸೋಡಾ, ಕೈಗವಸು ಇದ್ದರೆ ಸಾಕು.

ಕೆಲಸ ಶುರು ಮಾಡುವ ಮೊದಲು ಉಂಗುರ, ಕಡಗ, ಲೋಹದ ಚೈನಿನ ವಾಚ್ ತೆಗೆದಿಡಿ. ಬ್ಯಾಟರಿ ಹತ್ತಿರ ಬೀಡಿ, ಸಿಗರೇಟು, ಕಿಡಿ ಯಾವುದೂ ಬೇಡ, ಚಾರ್ಜ್ ಆಗುವಾಗ ಅದರಿಂದ ಬೇಗ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬರುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎಂಜಿನ್ ಓಡಿಸಿ ಪರೀಕ್ಷೆ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಅದು ಪ್ರಾಣ ತೆಗೆಯುತ್ತದೆ. ಕಾರನ್ನು ಬಯಲಿಗೆ ತನ್ನಿ.

ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರು ಇರುವವರು 12 ವೋಲ್ಟಿನ ಸಣ್ಣ ಬ್ಯಾಟರಿಯ ವೋಲ್ಟೇಜ್ ಮಾತ್ರ ನೋಡಿ, ಅದಕ್ಕಿಂತ ಮುಂದೆ ಹೋಗಬೇಡಿ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಲೇಬೇಡಿ.

ಹಂತ 1: ಕೀ ಆನ್ ಮಾಡಿ ದೀಪ ನೋಡಿ

ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಬ್ಯಾಟರಿ ದೀಪ ಉರಿಯಬೇಕು. ಸ್ಟಾರ್ಟ್ ಆದ ಕೂಡಲೇ ಆರಬೇಕು. ಕೀ ಆನ್ ಮಾಡಿದಾಗಲೂ ಉರಿಯಲಿಲ್ಲವೆಂದರೆ ಬಲ್ಬ್ ಅಥವಾ ವೈರ್ ಹೋಗಿದೆ. ಕೆಲವು ಹಳೆಯ ಕಾರುಗಳಲ್ಲಿ ಆ ದೀಪದ ಮೂಲಕವೇ ಆಲ್ಟರ್ನೇಟರಿಗೆ ಚಾಲನೆ ಸಿಗುವುದರಿಂದ, ಬಲ್ಬ್ ಹೋದರೆ ಚಾರ್ಜಿಂಗ್ ಕೂಡ ನಿಲ್ಲಬಹುದು.

ಹಂತ 2: ಬಾನೆಟ್ ಎತ್ತಿ ಕಣ್ಣಿನಿಂದ ನೋಡಿ

ಎಂಜಿನ್ ಆಫ್ ಇರಲಿ, ಕೀ ನಿಮ್ಮ ಜೇಬಿನಲ್ಲಿರಲಿ.

ಬೆಲ್ಟ್ ಮೊದಲು. ಇದೆಯೇ? ಬಿರುಕು, ಅಂಚಿನಲ್ಲಿ ನೂಲು ಬಿಟ್ಟಿರುವುದು, ಗಾಜಿನಂತೆ ಹೊಳಪು ಕಾಣುತ್ತಿದೆಯೇ? ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಅಥವಾ ಮಳೆ ನೀರಿನಲ್ಲಿ ಹೋದ ಮೇಲೆ ‘ಕೀ...’ ಎಂದು ಕಿರುಚುವ ಸದ್ದು ಬಂದರೆ ಬೆಲ್ಟ್ ಜಾರುತ್ತಿದೆ. ಬಿಗಿ ಮಾಡಬೇಕು, ಇಲ್ಲವೇ ಬದಲಿಸಬೇಕು.

ಆಮೇಲೆ ಬ್ಯಾಟರಿಯ ಟರ್ಮಿನಲ್‌ಗಳು. ಕೇಬಲ್ ಬಂದು ಕೂರುವ ಎರಡು ಕಂಬಗಳು ಇವು. ಕೈಯಲ್ಲಿ ತಿರುಗಿಸಿ ನೋಡಿ. ಒಂದು ಚೂರೂ ಅಲ್ಲಾಡಬಾರದು. ಬಿಳಿ ಅಥವಾ ಹಸಿರು-ನೀಲಿ ಪುಡಿ ಕಟ್ಟಿದ್ದರೆ ಕರೆಂಟ್ ಸರಾಗವಾಗಿ ಹರಿಯುವುದಿಲ್ಲ. ಸ್ವಚ್ಛ ಮಾಡುವುದು ಸುಲಭ. ಮೈನಸ್ ಕೇಬಲ್ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ನೀರಿನಲ್ಲಿ ಅಡುಗೆ ಸೋಡಾ ಕಲಸಿ ಬ್ರಷ್‌ನಿಂದ ಉಜ್ಜಿ. ಆ ನೀರು ಬ್ಯಾಟರಿಯ ಒಳಗೆ ಇಳಿಯದಂತೆ ಮುಚ್ಚಳಗಳು ಬಿಗಿಯಾಗಿರಲಿ. ಒರೆಸಿ ಒಣಗಿಸಿ, ಪ್ಲಸ್ ಮೊದಲು ಹಾಕಿ, ಮೈನಸ್ ಕೊನೆಗೆ. ಬಿಗಿ ಮಾಡಿದ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಈ ಕ್ರಮ ತಪ್ಪಿಸಬೇಡಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿದರೆ, ಮೈನಸ್ ಇನ್ನೂ ಇದ್ದಲ್ಲಿ, ದೊಡ್ಡ ಕಿಡಿ ಹಾರುತ್ತದೆ. ಕೇಬಲ್ ಬಿಚ್ಚಿದರೆ ಗಡಿಯಾರದ ಸಮಯ ಅಳಿಸಿಹೋಗುತ್ತದೆ, ಕೆಲವು ಸ್ಟೀರಿಯೋಗಳು ಕೋಡ್ ಕೇಳುತ್ತವೆ. ಕೋಡ್ ಮೊದಲೇ ಹುಡುಕಿಟ್ಟುಕೊಳ್ಳಿ.

ಮೂರನೆಯದು ಇಲಿ. ಬೇಸ್‌ಮೆಂಟಿನಲ್ಲಿ, ಖಾಲಿ ಸೈಟಿನ ಪಕ್ಕದಲ್ಲಿ ನಿಲ್ಲುವ ಕಾರುಗಳಿಗೆ ಇದು ದೊಡ್ಡ ಕಾಟ. ಆಲ್ಟರ್ನೇಟರಿನ ಹಿಂದಿರುವ ಸಣ್ಣ ಪ್ಲಗ್ಗಿನ ವೈರ್ ಒಂದನ್ನು ಕಡಿದರೂ ದೀಪ ಉರಿಯುತ್ತದೆ. ಹಿಕ್ಕೆ, ಕಾಗದದ ಚೂರು, ಸಿಪ್ಪೆ ಸುಲಿದ ವೈರ್ ಇದೆಯೇ ಎಂದು ಟಾರ್ಚ್ ಹಾಕಿ ನಿಧಾನವಾಗಿ ನೋಡಿ. ಪ್ಲಸ್ ಟರ್ಮಿನಲ್ ಹತ್ತಿರ ಇರುವ ದೊಡ್ಡ ಮುಖ್ಯ ಫ್ಯೂಸನ್ನೂ ನೋಡಿ.

ಹಂತ 3: ಎಂಜಿನ್ ಆಫ್ ಇದ್ದಾಗ ವೋಲ್ಟೇಜ್

ಕಾರು ರಾತ್ರಿಯಿಡೀ ನಿಂತಿದ್ದ ಮೇಲೆ ಬೆಳಗ್ಗೆ ಅಳೆಯುವುದು ಒಳ್ಳೆಯದು. ಈಗಷ್ಟೇ ಓಡಿಸಿದ್ದರೆ ಅಂಕಿ ಸುಳ್ಳಾಗಿ ಜಾಸ್ತಿ ತೋರಿಸುತ್ತದೆ. ಆಗ ಹೆಡ್‌ಲೈಟ್ ಎರಡು ನಿಮಿಷ ಹಾಕಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ.

ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ. 12.6 ಅಥವಾ ಮೇಲೆ ಇದ್ದರೆ ಪೂರ್ತಿ ಚಾರ್ಜ್ ಇದೆ. 12.4 ಅಂದರೆ ಸುಮಾರು ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬಹುತೇಕ ಖಾಲಿ. ಅದನ್ನು ಮೊದಲು ಚಾರ್ಜರಿನಲ್ಲಿ ಚಾರ್ಜ್ ಮಾಡಿಸಿ, ಮುಂದಿನ ಹಂತಗಳನ್ನು ಆಮೇಲೆ ಮಾಡಿ. ಖಾಲಿ ಬ್ಯಾಟರಿ ಇಟ್ಟುಕೊಂಡು ಮಾಡಿದ ಪರೀಕ್ಷೆ ದಾರಿ ತಪ್ಪಿಸುತ್ತದೆ.

ಈಗ ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ನೀವು ಮೀಟರ್ ನೋಡಿ. ಸ್ಟಾರ್ಟ್ ಆಗುವ ಆ ಒಂದೆರಡು ಸೆಕೆಂಡು ವೋಲ್ಟೇಜ್ 10ರ ಆಸುಪಾಸಿಗೆ ಇಳಿಯುವುದು ಸಹಜ. 9.6ಕ್ಕಿಂತ ಕೆಳಗೆ ಹೋದರೆ, ಅದೂ ಪೂರ್ತಿ ಚಾರ್ಜ್ ಇದ್ದಾಗ, ಬ್ಯಾಟರಿಯೇ ದುರ್ಬಲ ಎಂದು ಅನುಮಾನಿಸಬಹುದು.

ಹಂತ 4: ಎಂಜಿನ್ ಓಡುವಾಗ ವೋಲ್ಟೇಜ್

ಇಡೀ ಪರೀಕ್ಷೆಯಲ್ಲಿ ಮುಖ್ಯವಾದದ್ದು ಇದು. ಬೇರೆಯದಕ್ಕೆ ಸಮಯ ಇಲ್ಲದಿದ್ದರೂ ಇದೊಂದನ್ನು ಮಾಡಿ. ಮೀಟರಿನ ಕಡ್ಡಿಗಳು, ನಿಮ್ಮ ತೋಳು, ದುಪಟ್ಟಾ, ಜಡೆ ಯಾವುದೂ ಬೆಲ್ಟಿನ ಹತ್ತಿರ ಹೋಗದಿರಲಿ.

ಎಂಜಿನ್ ಸ್ಟಾರ್ಟ್ ಮಾಡಿ ಬ್ಯಾಟರಿಯ ಮೇಲೆ ಅಳೆಯಿರಿ. ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಆಮೇಲೆ ಹೆಡ್‌ಲೈಟ್, ಬ್ಲೋವರ್, ಹಿಂದಿನ ಡೀಫಾಗರ್ ಎಲ್ಲ ಹಾಕಿ, ಒಬ್ಬರು ಎಕ್ಸಲರೇಟರ್ ಸ್ವಲ್ಪ ಒತ್ತಿ ಹಿಡಿಯಲಿ. 2000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸಾಕು. ಆಗಲೂ 13.5ರ ಆಸುಪಾಸಿನಲ್ಲಿ ನಿಂತರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ.

ಅಂಕಿ 12.5ರಲ್ಲಿದ್ದು ನಿಧಾನವಾಗಿ ಇಳಿಯುತ್ತಲೇ ಹೋದರೆ ಚಾರ್ಜ್ ಆಗುತ್ತಿಲ್ಲ. ಲೋಡ್ ಹಾಕಿದಾಗ ಮಾತ್ರ 13ಕ್ಕಿಂತ ಕೆಳಗೆ ಬಿದ್ದರೆ ಬೆಲ್ಟ್ ಜಾರುತ್ತಿರಬಹುದು, ಇಲ್ಲವೇ ಆಲ್ಟರ್ನೇಟರಿನ ಡಯೋಡ್ ಹೋಗಿರಬಹುದು. ಡಯೋಡ್ ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಎಸಿ ಕರೆಂಟನ್ನು ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ ಮಾಡುವ ಭಾಗ. ಬಿಡದೆ 15 ದಾಟಿ ನಿಂತರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಬಿಸಿಯಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಕಾರಿನ ಕಂಪ್ಯೂಟರ್ ಹಾಳಾಗಬಹುದು. ಆ ಕಾರನ್ನು ಓಡಿಸಬೇಡಿ.

ಒಂದು ಎಚ್ಚರಿಕೆ. ಹೊಸ ಕಾರುಗಳು ಹಲವು ಇಂಧನ ಉಳಿಸಲು ಚಾರ್ಜಿಂಗನ್ನು ತಾವೇ ಹೆಚ್ಚು ಕಡಿಮೆ ಮಾಡುತ್ತವೆ. ಮೈನಸ್ ಟರ್ಮಿನಲ್ ಮೇಲೆ ಸಣ್ಣ ವೈರ್ ಇರುವ ಪ್ಲಾಸ್ಟಿಕ್ ಸೆನ್ಸರ್ ಕಂಡರೆ ನಿಮ್ಮದು ಅಂಥ ಕಾರು ಇರಬಹುದು. ಅದರಲ್ಲಿ 12.8 ಕಂಡ ಕೂಡಲೇ ಗಾಬರಿ ಬೇಡ. ಹೆಡ್‌ಲೈಟ್, ಬ್ಲೋವರ್ ಹಾಕಿ ಕೆಲವು ನಿಮಿಷ ಕಾಯಿರಿ. ಅಂಕಿ ಏರಿದರೆ ಸರಿಯಿದೆ.

ಹಾಗೆಯೇ, ಎಂಜಿನ್ ತಣ್ಣಗಿರುವಾಗ ಸರಿ ಬಂದ ಅಂಕಿಯನ್ನು ಪೂರ್ತಿ ನಂಬಬೇಡಿ. ಇಪ್ಪತ್ತು ನಿಮಿಷ ಓಡಿಸಿ ಬಂದು ಮತ್ತೆ ಅಳೆಯಿರಿ. ಟ್ರಾಫಿಕ್‌ನಲ್ಲಿ ಕಾದಮೇಲೆ ಮಾತ್ರ ಕೈಕೊಡುವ ಆಲ್ಟರ್ನೇಟರ್‌ಗಳು ಬಹಳ. ಗ್ಯಾರೇಜಿಗೆ ಹೋದಾಗ ದೀಪ ಉರಿಯುವುದಿಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಯಾರಾದರೂ ‘ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಕಿತ್ತು ನೋಡೋಣ, ಗಾಡಿ ಆಫ್ ಆಗದಿದ್ದರೆ ಡೈನಮೋ ಸರಿ ಇದೆ’ ಅಂದರೆ ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಹಳೆಯ ಗಾಡಿಗಳ ಕಾಲದ ಅಭ್ಯಾಸ ಅದು. ಈಗಿನ ಕಾರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಎಂಜಿನ್ ಕಂಪ್ಯೂಟರ್ ಸುಟ್ಟುಹೋಗಬಹುದು.

ಹಂತ 5: ದಾರಿಯಲ್ಲಿ ಕರೆಂಟಿಗೆ ಅಡ್ಡಿ ಇದೆಯೇ?

ಆಲ್ಟರ್ನೇಟರ್ ಸರಿಯಾಗಿ ತಯಾರಿಸಿದರೂ ಬ್ಯಾಟರಿಗೆ ತಲುಪದೆ ಇರಬಹುದು. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಹಾಕಿರಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಇಡಿ. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಮೈನಸ್‌ನಿಂದ ಎಂಜಿನ್ನಿಗೆ ಹೋಗುವ ಅರ್ಥ್ ಕೇಬಲ್ ಸಡಿಲ ಆಗಿದೆ ಅಥವಾ ತುಕ್ಕು ಹಿಡಿದಿದೆ. ಪ್ಲಸ್ ಕಡೆಯೂ ಹೀಗೇ, ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟ್ ಮತ್ತು ಬ್ಯಾಟರಿಯ ಪ್ಲಸ್ ನಡುವೆ. ಆ ಬೋಲ್ಟ್ ಬೆಲ್ಟಿಗೆ ತೀರಾ ಹತ್ತಿರ ಇದ್ದರೆ ಈ ಭಾಗವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಹಂತ 6: ಓಡುವಾಗ ಎಲ್ಲ ಸರಿ, ಬೆಳಗ್ಗೆ ಮಾತ್ರ ಬ್ಯಾಟರಿ ಖಾಲಿ

ಮೊದಲು ಸುಲಭದ ದಾರಿ. ರಾತ್ರಿ ವೋಲ್ಟೇಜ್ ಬರೆದಿಟ್ಟು ಮೈನಸ್ ಕೇಬಲ್ ಬಿಚ್ಚಿಡಿ. ಬೆಳಗ್ಗೆ ಬ್ಯಾಟರಿ ಮೇಲೆ ಮತ್ತೆ ಅಳೆಯಿರಿ. ಕೇಬಲ್ಲೇ ಇಲ್ಲದೆ ವೋಲ್ಟೇಜ್ ಬಹಳ ಇಳಿದಿದ್ದರೆ ಬ್ಯಾಟರಿಯೇ ಚಾರ್ಜ್ ಹಿಡಿಯುತ್ತಿಲ್ಲ. ಇಳಿಯದಿದ್ದರೆ ಕಾರಿನಲ್ಲಿ ಯಾವುದೋ ಉಪಕರಣ ಕರೆಂಟ್ ಹೀರುತ್ತಿದೆ. ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಹೊರಗೆ ಹಾಕಿಸಿದ ಸ್ಟೀರಿಯೋ ಮತ್ತು ಆಂಪ್ಲಿಫೈಯರ್, ಆರದ ಡಿಕ್ಕಿ ದೀಪ, ಇವು ಮೊದಲ ಅನುಮಾನಿತರು. ಒಂದೊಂದನ್ನೇ ತೆಗೆದು ಎರಡು ರಾತ್ರಿ ನೋಡಿ.

ನಿಖರವಾಗಿ ಅಳೆಯಬೇಕೆಂದರೆ ಕೀ ತೆಗೆದು, ಬಾಗಿಲು ಲಾಕ್ ಮಾಡಿ. ಬಟನ್ ಸ್ಟಾರ್ಟ್ ಕಾರಾದರೆ ಕೀಯನ್ನು ದೂರ ಇಡಿ. ಕೆಂಪು ಕಡ್ಡಿಯನ್ನು ಮೀಟರಿನ 10 ಆಂಪ್ ತೂತಿಗೆ ಹಾಕಿ, ಮೈನಸ್ ಕಂಬ ಮತ್ತು ಬಿಚ್ಚಿದ ಕೇಬಲ್ ನಡುವೆ ಮೀಟರ್ ಸೇರಿಸಿ. ಕಾರಿನ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆಗೂ ಹೆಚ್ಚು ಬೇಕಾಗಬಹುದು, ಕಾಯಿರಿ. ಆಮೇಲೆ 50 ಮಿಲಿ ಆಂಪ್, ಅಂದರೆ ಮೀಟರಿನಲ್ಲಿ 0.05, ಇದರೊಳಗೆ ಇರಬೇಕು. ಜಾಸ್ತಿ ಇದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಯಾವುದನ್ನು ತೆಗೆದಾಗ ಅಂಕಿ ಇಳಿಯಿತೋ ಅದೇ ದಾರಿಯಲ್ಲಿ ಸೋರಿಕೆ ಇದೆ. ಯಾವ ಫ್ಯೂಸ್ ತೆಗೆದರೂ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡನ್ನು ಅನುಮಾನಿಸಿ. ಮೀಟರ್ ಹೀಗೆ ಸೇರಿಸಿರುವಾಗ ಸೆಲ್ಫ್ ಹೊಡೆಯಬೇಡಿ, ಮೀಟರ್ ಫ್ಯೂಸ್ ಹಾರಿಹೋಗುತ್ತದೆ.

ಎಲ್ಲವೂ ಸರಿ ಇದ್ದೂ ಬ್ಯಾಟರಿ ಸೊರಗುತ್ತಿದ್ದರೆ ನಿಮ್ಮ ಓಡಾಟವೇ ಕಾರಣ ಇರಬಹುದು. ಮನೆಯಿಂದಲೇ ಕೆಲಸ, ವಾರಕ್ಕೊಮ್ಮೆ ತರಕಾರಿ ತರಲು ಎರಡು ಕಿಲೋಮೀಟರ್, ಅದರಲ್ಲೂ ಅರ್ಧ ಹೊತ್ತು ಸಿಗ್ನಲ್‌ನಲ್ಲಿ ಎಸಿ ಹಾಕಿಕೊಂಡು ನಿಂತಿರುವುದು. ಎಂಜಿನ್ ನಿಧಾನವಾಗಿ ತಿರುಗುವಾಗ ಆಲ್ಟರ್ನೇಟರ್ ಕೊಡುವುದು ಕಡಿಮೆ. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಸ್ಟಾರ್ಟ್ ಮಾಡಲು ಹೋದ ಚಾರ್ಜ್ ವಾಪಸ್ ಬಂದರೆ ಹೆಚ್ಚು. ವಾರಕ್ಕೊಮ್ಮೆ ನಲವತ್ತೈದು ನಿಮಿಷ ಸರಾಗವಾಗಿ ಓಡಿಸಿ. ಭಾನುವಾರ ಬೆಳಗ್ಗೆ ಬೇಗ ಎದ್ದರೆ ನಮ್ಮೂರಲ್ಲೂ ಅದು ಸಾಧ್ಯ.

ರಿಪೇರಿಗೆ ಹೋದಾಗ

ನಾಲ್ಕನೇ ಹಂತದ ಅಂಕಿಗಳನ್ನು ಬರೆದುಕೊಂಡು ಹೋಗಿ. ಸಾಮಾನ್ಯ ಮೆಕ್ಯಾನಿಕ್‌ಗಿಂತ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗುವುದು ಒಳ್ಳೆಯದು. ‘ಹೊಸ ಆಲ್ಟರ್ನೇಟರ್ ಹಾಕಬೇಕು’ ಅಂದರೆ ಒಪ್ಪುವ ಮೊದಲು ಬಿಚ್ಚಿ ಪರೀಕ್ಷೆ ಮಾಡಲು ಕೇಳಿ. ಎಷ್ಟೋ ಸಲ ಸವೆದ ಕಾರ್ಬನ್ ಬ್ರಷ್, ರೆಗ್ಯುಲೇಟರ್ ಅಥವಾ ಬೇರಿಂಗ್ ಬದಲಿಸಿದರೆ ಸಾಕಾಗುತ್ತದೆ. ಬಿಡಿಭಾಗ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಬಿಲ್ ಕೇಳಿ ಪಡೆಯಿರಿ. ಗುಜರಿಯಿಂದ ತಂದ ಹಳೆಯ ಆಲ್ಟರ್ನೇಟರ್ ಅಗ್ಗ, ಆದರೆ ಅದು ಎಷ್ಟು ಓಡಿದೆಯೋ ತಿಳಿಯುವ ದಾರಿ ಇಲ್ಲ. ದಿನವೂ ಓಡಿಸುವ ಕಾರಿಗೆ ಅದನ್ನು ಹಾಕಿಸಬೇಡಿ ಎಂದೇ ನನ್ನ ಸಲಹೆ. ಸರ್ವಿಸ್ ವಾಶ್‌ನಲ್ಲಿ ಆಲ್ಟರ್ನೇಟರ್ ಮೇಲೆ ಪ್ರೆಶರ್ ನೀರು ಹೊಡೆಯಬೇಡಿ ಎಂದೂ ಹೇಳಿ.

ಕೊನೆಗೂ ಬ್ಯಾಟರಿಯೇ ಹೋಗಿದ್ದರೆ

ಮೂರರಿಂದ ಐದು ವರ್ಷ ಬಂದಿದ್ದರೆ ಅದು ತನ್ನ ಕೆಲಸ ಮುಗಿಸಿದೆ. ಅಂಗಡಿಯಲ್ಲಿ ಲೋಡ್ ಟೆಸ್ಟ್, ಅಂದರೆ ಹೆಚ್ಚು ಕರೆಂಟ್ ಎಳೆದು ನೋಡುವ ಪರೀಕ್ಷೆ, ಮಾಡಿಸಿ ಖಚಿತಪಡಿಸಿಕೊಳ್ಳಿ. ಹೊಸದು ಅದೇ ಅಳತೆ, ಅದೇ ಆಂಪ್-ಅವರ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ), ಟರ್ಮಿನಲ್ ಅದೇ ಕಡೆ ಇರುವುದಾಗಿರಲಿ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಲ್ಲುವ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಎಂಬ ಬಗೆಯ ಬ್ಯಾಟರಿ ಬೇಕು. ಇವು ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಡೆದುಕೊಳ್ಳುತ್ತವೆ. ಬೆಲೆ ಕಡಿಮೆ ಅಂತ ಸಾಮಾನ್ಯ ಬ್ಯಾಟರಿ ಹಾಕಿಸಿದರೆ ಬೇಗ ಹೋಗುತ್ತದೆ.

ತಯಾರಾದ ತಿಂಗಳು ನೋಡಿ, ಅಂಗಡಿಯಲ್ಲಿ ಆರು ತಿಂಗಳು ಕೂತಿದ್ದು ಬೇಡ. ವಾರಂಟಿ ‘24+24 ತಿಂಗಳು’ ಅಂದರೆ ಮೊದಲ 24 ತಿಂಗಳು ಉಚಿತ ಬದಲಾವಣೆ, ಮುಂದಿನ 24 ತಿಂಗಳಲ್ಲಿ ಹೊಸದರ ಮೇಲೆ ರಿಯಾಯಿತಿ ಮಾತ್ರ. ಹಾಕಿದ ಮೇಲೆ ಅಂಗಡಿಯವರ ಎದುರಿಗೇ ಎಂಜಿನ್ ಓಡಿಸಿ ವೋಲ್ಟೇಜ್ ಅಳೆಯಿಸಿ, ಆ ಅಂಕಿಯನ್ನು ವಾರಂಟಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಹಳೆಯ ಬ್ಯಾಟರಿಯನ್ನು ಅವರಿಗೇ ಕೊಡಿ, ಬೆಲೆಯಲ್ಲಿ ಕಳೆಯುತ್ತಾರೆ. ಅದರೊಳಗೆ ಸೀಸ ಮತ್ತು ಆಸಿಡ್ ಇರುವುದರಿಂದ ಮನೆಯಲ್ಲಿ, ಮಕ್ಕಳು ಓಡಾಡುವ ಜಾಗದಲ್ಲಿ ಇಟ್ಟುಕೊಳ್ಳಬೇಡಿ.